ಗಾಳಿ ತುಂಬಿದ ಚಕ್ರ: ಜಾನ್ ಬಾಯ್ಡ್ ಡನ್‌ಲಪ್ ಅವರ ಬದುಕು



ನಮ್ಮ ಪುಟದ ವ್ಯಕ್ತಿ ಪರಿಚಯ ಅಂಕಣದಲ್ಲಿ ಸಾಮಾನ್ಯವಾಗಿ ಕವಿಗಳು, ಯಕ್ಷಗಾನ ಕಲಾವಿದರು, ಊರಿಗೆ ಉಪಕಾರ ಮಾಡಿದ ಹಿರಿಯರು ಬರುತ್ತಾರೆ. ಈ ಸಲ ದೂರದ ಒಬ್ಬರನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಮ್ಮ ಯುವ ಸದಸ್ಯರು ಕೆಲವರು ಸೇರಿ ಹಳೆಯ ಅಂಬಾಸಿಡರ್ ಕಾರೊಂದನ್ನು ರಿಪೇರಿ ಮಾಡಿಸುತ್ತಿದ್ದಾರೆ. ವಾರ್ಷಿಕೋತ್ಸವದ ಮೆರವಣಿಗೆಯಲ್ಲಿ ಅದನ್ನು ಮುಂದೆ ಬಿಡಬೇಕೆಂಬ ಆಸೆ. ಅದಕ್ಕೆ ಹಳೆಯ ಕಾಲದ ಚಕ್ರ ಯಾವುದು ಸರಿ, ಪಕ್ಕದಲ್ಲಿ ಬಿಳಿ ಪಟ್ಟಿ ಇರುವ ಟಯರು ಹಾಕಬಹುದೇ ಎಂಬ ಚರ್ಚೆ ಸಂಘದ ಜಗಲಿಯಲ್ಲಿ ಎರಡು ಮೂರು ಸಂಜೆ ನಡೆಯಿತು. ಟಯರಿನ ಮಾತು ಬಂದಾಗ ಡನ್‌ಲಪ್ ಎಂಬ ಹೆಸರು ಬರಲೇಬೇಕು. ಆದರೆ ಅದು ಒಂದು ಕಂಪನಿಯ ಹೆಸರು, ಇಲ್ಲವೇ ಮೆತ್ತನೆಯ ಹಾಸಿಗೆಯ ಹೆಸರು ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಆ ಹೆಸರಿನ ಮನುಷ್ಯನೊಬ್ಬ ಇದ್ದರು. ಅವರು ಎಂಜಿನಿಯರ್ ಅಲ್ಲ, ವ್ಯಾಪಾರಿಯೂ ಅಲ್ಲ. ದನ ಕುದುರೆಗಳ ಡಾಕ್ಟರು.

ಹುಟ್ಟು, ಓದು, ವೃತ್ತಿ

ಜಾನ್ ಬಾಯ್ಡ್ ಡನ್‌ಲಪ್ ಹುಟ್ಟಿದ್ದು 1840ರ ಫೆಬ್ರವರಿ 5ರಂದು, ಸ್ಕಾಟ್ಲೆಂಡಿನ ಏರ್‌ಶೈರ್ ಸೀಮೆಯ ಡ್ರೆಗಾರ್ನ್ ಎಂಬ ಹಳ್ಳಿಯಲ್ಲಿ. ತಂದೆ ಗೇಣಿಗೆ ಜಮೀನು ಮಾಡುತ್ತಿದ್ದ ರೈತ. ತಾನು ಎರಡು ತಿಂಗಳು ಮೊದಲೇ ಹುಟ್ಟಿದ ಕೂಸು, ಹಾಗಾಗಿ ಶರೀರ ದುರ್ಬಲ ಎಂಬ ನಂಬಿಕೆ ಅವರಿಗೆ ಕೊನೆಯವರೆಗೂ ಇತ್ತಂತೆ. ಅದೇ ಜಾಗ್ರತೆಯಲ್ಲಿ ಬದುಕಿ, ಹೇಳಿಕೊಳ್ಳುವಂಥ ಕಾಯಿಲೆಯಿಲ್ಲದೆ ಎಂಬತ್ತು ದಾಟಿದರು.

ಗದ್ದೆಯ ಕೆಲಸಕ್ಕೆ ಮೈ ಒಗ್ಗದು ಎಂದೋ ಏನೋ, ಅವರು ಓದಿನ ಕಡೆ ಹೋದರು. ಎಡಿನ್‌ಬರೋದಲ್ಲಿ ಪಶುವೈದ್ಯ ಕಲಿತು ಹತ್ತೊಂಬತ್ತನೆಯ ವಯಸ್ಸಿಗೇ ತೇರ್ಗಡೆಯಾದರು. ಅಲ್ಲೇ ಕೆಲವು ವರ್ಷ ಕೆಲಸ ಮಾಡಿ, 1867ರಲ್ಲಿ ಸಮುದ್ರ ದಾಟಿ ಐರ್ಲೆಂಡಿಗೆ ಬಂದರು. ಮೊದಲು ಡೌನ್‌ಪ್ಯಾಟ್ರಿಕ್ ಪೇಟೆ, ಆಮೇಲೆ ಬೆಲ್‌ಫಾಸ್ಟ್ ನಗರ. 1871ರಲ್ಲಿ ಮದುವೆ. ಒಬ್ಬ ಮಗ, ಒಬ್ಬಳು ಮಗಳು. 1880ರ ದಶಕಕ್ಕಾಗುವಾಗ ಐರ್ಲೆಂಡಿನಲ್ಲೇ ದೊಡ್ಡದೆನ್ನಬಹುದಾದ ಪಶು ಚಿಕಿತ್ಸಾಲಯ ಅವರದ್ದಾಗಿತ್ತು.

ಅಂದಿನ ಪಶುವೈದ್ಯರೆಂದರೆ ಮುಖ್ಯವಾಗಿ ಕುದುರೆಯ ವೈದ್ಯರು. ಊರಿನ ಸಾಗಾಟವೆಲ್ಲ ಕುದುರೆಯ ಬೆನ್ನ ಮೇಲೆ. ಬೆಲ್‌ಫಾಸ್ಟಿನ ಬೀದಿಗಳಿಗೆ ಹಾಸಿದ್ದು ಕರ್ಗಲ್ಲಿನಂಥ ಗಟ್ಟಿ ಕಲ್ಲು. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ. ನಮ್ಮ ಕಡೆ ಎತ್ತಿನ ಗಾಡಿ ಕಂಡವರಿಗೆ ಆ ಸದ್ದು, ಆ ಕುಲುಕಾಟ ಬಿಡಿಸಿ ಹೇಳಬೇಕಾಗಿಲ್ಲ. ಕಲ್ಲಿನ ಮೇಲೆ ಕಬ್ಬಿಣ ಉರುಳುವ ಪೆಟ್ಟು ಗಾಡಿಗೂ ತಾಗುತ್ತದೆ, ಎಳೆಯುವ ಪ್ರಾಣಿಗೂ ತಾಗುತ್ತದೆ. ದಿನವೂ ಅಂಥ ಪ್ರಾಣಿಗಳಿಗೆ ಮದ್ದು ಕೊಡುತ್ತಿದ್ದವರು ಡನ್‌ಲಪ್.

ಮಗನ ಮೂರು ಚಕ್ರದ ಸೈಕಲ್ಲು

1887ರಲ್ಲಿ ಅವರಿಗೆ ವಯಸ್ಸು ನಲ್ವತ್ತೇಳು. ಚಿಕ್ಕ ಮಗನಿಗೆ ಮೂರು ಚಕ್ರದ ಸೈಕಲ್ಲು ಇತ್ತು. ಅದರ ಚಕ್ರಕ್ಕಿದ್ದದ್ದು ಗಟ್ಟಿ ರಬ್ಬರು. ಕಲ್ಲುಹಾಸಿನ ಮೇಲೆ ತುಳಿದು ತುಳಿದು ಹುಡುಗ ಸೋಲುತ್ತಿದ್ದ. ತಂದೆ ಇದಕ್ಕೆ ಉಪಾಯ ಯೋಚಿಸಿದರು. ರಬ್ಬರಿನ ಕೆಲಸ ಅವರಿಗೆ ಹೊಸದಲ್ಲ, ವೈದ್ಯ ವೃತ್ತಿಯಲ್ಲಿ ಅದನ್ನು ಬಳಸಿ ಗೊತ್ತಿತ್ತು.

ಸುಮಾರು ತೊಂಬತ್ತಾರು ಸೆಂಟಿಮೀಟರ್ ಅಗಲದ ಮರದ ಗಾಲಿಯೊಂದನ್ನು ಮಾಡಿಸಿದರು. ತೆಳು ರಬ್ಬರಿನ ಕೊಳವೆ ಮಾಡಿ, ಅಂಚಿನ ಸುತ್ತ ಕೂರಿಸಿ, ಮೇಲಿಂದ ನಾರುಬಟ್ಟೆಯ ಪಟ್ಟಿ ಸುತ್ತಿ ಮೊಳೆ ಹೊಡೆದರು. ಚೆಂಡಿಗೆ ಗಾಳಿ ಹಾಕುವ ಪಂಪಿನಿಂದ ಗಾಳಿ ತುಂಬಿದರು. ಮತ್ತೆ ಅಂಗಳಕ್ಕೆ ಬಂದು, ಸೈಕಲ್ಲಿನ ಹಳೆಯ ಚಕ್ರವನ್ನೂ ಈ ಗಾಲಿಯನ್ನೂ ಒಂದೇ ಬಲದಿಂದ ಉರುಳಿಸಿ ಬಿಟ್ಟರು. ಹಳೆಯ ಚಕ್ರ ಸ್ವಲ್ಪ ದೂರ ಹೋಗಿ ಬಿದ್ದಿತು. ಗಾಳಿಯ ಗಾಲಿ ಅಂಗಳವನ್ನೆಲ್ಲ ದಾಟಿ, ಗೇಟಿನ ಕಂಬಕ್ಕೆ ಬಡಿದು ಹಿಂದಕ್ಕೆ ಪುಟಿಯಿತು. ಇಷ್ಟೇ ಅವರ ಪ್ರಯೋಗ. ದೊಡ್ಡ ಲೆಕ್ಕಾಚಾರವಿಲ್ಲ, ಯಂತ್ರವಿಲ್ಲ. ಆದರೆ ಮೆತ್ತಗಿರುವುದು ಸುಖಕ್ಕೆ ಮಾತ್ರವಲ್ಲ, ವೇಗಕ್ಕೂ ಒಳ್ಳೆಯದು ಎಂಬುದು ಅಲ್ಲಿ ಕಣ್ಣಿಗೆ ಕಂಡಿತು. ಗಟ್ಟಿ ಚಕ್ರ ಪ್ರತಿ ಕಲ್ಲಿಗೂ ಮೇಲೆದ್ದು ಬಿದ್ದು ಶಕ್ತಿ ಕಳೆದುಕೊಳ್ಳುತ್ತದೆ. ಗಾಳಿ ತುಂಬಿದ್ದು ಕಲ್ಲನ್ನು ತನ್ನೊಳಗೆ ತೆಗೆದುಕೊಂಡು ಮುಂದೆ ಹೋಗುತ್ತದೆ.

ಸೈಕಲ್ಲಿನ ಹಿಂದಿನ ಎರಡು ಚಕ್ರಗಳಿಗೆ ಹೊಸ ಟಯರು ಬಂತು. 1888ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, ಅದೇ ವರ್ಷದ ಡಿಸೆಂಬರ್ 7ರಂದು ಪೇಟೆಂಟ್ ಕೈಸೇರಿತು.

ನಕ್ಕವರು ಸೋತರು

ಮೊದಲಿಗೆ ಜನ ನಕ್ಕರು. ಆಗಿನ ಸೈಕಲ್ಲಿನ ಚಕ್ರ ತೆಳ್ಳಗೆ, ನಾಜೂಕು. ಅದರ ಸುತ್ತ ಉಬ್ಬಿದ ಕೊಳವೆ ಕಂಡರೆ ನಗು ಬಾರದಿರುತ್ತದೆಯೇ? ವಿಲ್ಲಿ ಹ್ಯೂಮ್ ಎಂಬ ಸೈಕಲ್ ಸವಾರ ಮಾತ್ರ ಧೈರ್ಯ ಮಾಡಿ ಕೊಂಡರು. 1889ರ ಮೇ 18ರಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಮೈದಾನದಲ್ಲಿ ನಾಲ್ಕು ಪಂದ್ಯಗಳಿಗೆ ಇಳಿದು ನಾಲ್ಕನ್ನೂ ಗೆದ್ದರು. ಸೋತವರ ಪೈಕಿ ಡಬ್ಲಿನ್ ನಗರದ ಹಾರ್ವೆ ಡು ಕ್ರೋಸ್ ಎಂಬ ಉದ್ಯಮಿಯ ಮಕ್ಕಳೂ ಇದ್ದರು. ಮಕ್ಕಳ ಸೋಲು ತಂದೆಯ ಕಣ್ಣು ತೆರೆಸಿತು. ಅದೇ ವರ್ಷ ನವೆಂಬರಿನಲ್ಲಿ ಡು ಕ್ರೋಸ್ ಮುಂದಾಳುತನದಲ್ಲಿ ಡಬ್ಲಿನ್‌ನಲ್ಲಿ ಕಂಪನಿ ಶುರುವಾಯಿತು. ಡನ್‌ಲಪ್ ತಮ್ಮ ಹಕ್ಕನ್ನು ಅದಕ್ಕೆ ಒಪ್ಪಿಸಿದರು.

ಕಡತದಲ್ಲಿದ್ದ ಹಳೆಯ ಕಾಗದ

ಮುಂದಿನ ವರ್ಷವೇ ಪೆಟ್ಟು ಬಿತ್ತು. ನಲ್ವತ್ತು ವರ್ಷ ಕಚೇರಿಯ ಕಡತಗಳ ಮಧ್ಯೆ ಕೂತವನಾದ್ದರಿಂದ ಕಥೆಯ ಈ ಭಾಗ ನನ್ನನ್ನು ಹೆಚ್ಚು ತಟ್ಟಿತು. ಇದೇ ಉಪಾಯಕ್ಕೆ 1845ರ ಡಿಸೆಂಬರ್ 10ರಂದೇ ಬೇರೊಬ್ಬರಿಗೆ ಪೇಟೆಂಟ್ ಸಿಕ್ಕಿತ್ತು ಎಂಬುದು 1890ರಲ್ಲಿ ಹೊರಬಂತು. ಅವರ ಹೆಸರು ರಾಬರ್ಟ್ ವಿಲಿಯಂ ಥಾಮ್ಸನ್. ಅವರೂ ಸ್ಕಾಟ್ಲೆಂಡಿನವರೇ, ಸ್ಟೋನ್‌ಹೇವನ್ ಊರಿನವರು. ಆಗ ಅವರ ವಯಸ್ಸು ಇಪ್ಪತ್ತಮೂರು.

ಥಾಮ್ಸನ್ ಗಾಳಿಯ ಕೊಳವೆಗೆ ಚರ್ಮದ ಹೊದಿಕೆ ಹಾಕಿ ಸಾರೋಟಿನ ಚಕ್ರಕ್ಕೆ ಬಿಗಿದಿದ್ದರು. ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ 1847ರಲ್ಲಿ ಓಡಿಸಿಯೂ ತೋರಿಸಿದ್ದರು. ಒಂದು ಜೊತೆ ಚಕ್ರ 1,200 ಮೈಲು ಓಡಿತು. ಆದರೂ ನಡೆಯಲಿಲ್ಲ. ಒಳಗಿನ ಕೊಳವೆಗೆ ಬೇಕಾದ ತೆಳು ರಬ್ಬರು ಸಿಗುವುದು ಕಷ್ಟ, ಬೆಲೆ ವಿಪರೀತ. ಸೈಕಲ್ಲು ಎಂಬುದು ಇನ್ನೂ ಬಂದಿರಲಿಲ್ಲ, ಮೋಟಾರು ದೂರದ ಮಾತು. ಕೇಳುವವರಿಲ್ಲದೆ ಪೇಟೆಂಟ್ ಕಡತದಲ್ಲೇ ಉಳಿಯಿತು. ಥಾಮ್ಸನ್ 1873ರಲ್ಲಿ ತೀರಿಕೊಂಡರು.

ಡನ್‌ಲಪ್ ಇದನ್ನು ಕದ್ದವರಲ್ಲ, ತಮ್ಮ ಅಂಗಳದಲ್ಲಿ ತಾವೇ ಕಂಡುಕೊಂಡವರು. ಆದರೆ ಕಾನೂನಿಗೆ ತಾರೀಕು ಮುಖ್ಯ. ಅವರ ಪೇಟೆಂಟ್ ನಿಲ್ಲದೆ ಹೋಯಿತು. ಕಂಪನಿ ಉಳಿದದ್ದು ಬೇರೆಯವರ ಬುದ್ಧಿಯಿಂದ. ಡನ್‌ಲಪ್ ಅವರ ಟಯರನ್ನು ಚಕ್ರಕ್ಕೆ ಅಂಟಿಸಿ ಸುತ್ತಿಬಿಡುತ್ತಿದ್ದರು, ಪಂಕ್ಚರ್ ಆದರೆ ಎಲ್ಲವನ್ನೂ ಕಿತ್ತು ಹಾಕಬೇಕಿತ್ತು. 1890ರಲ್ಲಿ ಚಾರ್ಲ್ಸ್ ವೆಲ್ಚ್ ಎಂಬವರು ಟಯರಿನ ಅಂಚಿಗೆ ತಂತಿ ಸೇರಿಸಿ, ನಡುವೆ ತಗ್ಗಿರುವ ರಿಮ್ಮಿನಲ್ಲಿ ಕೂರುವ ಹಾಗೆ ಮಾಡಿದರು. ವಿಲಿಯಂ ಬಾರ್ಟ್‌ಲೆಟ್ ಎಂಬವರು ಅಂಚನ್ನು ರಿಮ್ಮಿಗೆ ಕಚ್ಚಿಸುವ ಇನ್ನೊಂದು ಬಗೆ ಮಾಡಿದರು. ಡು ಕ್ರೋಸ್ ಇವರ ಹಕ್ಕುಗಳನ್ನು ಕೊಂಡರು. ಇಂದು ಸೀತಾಂಗೋಳಿಯ ಪಂಕ್ಚರ್ ಅಂಗಡಿಯಲ್ಲಿ ಹುಡುಗ ಎರಡು ಸಲಾಕೆ ಹಾಕಿ ಟಯರು ಬಿಚ್ಚುವಾಗ ಕೈಗೆ ಸಿಗುವ ಆ ಗಟ್ಟಿ ಅಂಚು ವೆಲ್ಚ್ ಅವರ ಕೊಡುಗೆ.

ಡನ್‌ಲಪ್ 1895ರಲ್ಲಿ ಕಂಪನಿ ಬಿಟ್ಟರು. ಮರುವರ್ಷ ಅದು 30 ಲಕ್ಷ ಪೌಂಡಿಗೆ ಮಾರಾಟವಾಯಿತು. ಕೊಂಡವರು ಅದನ್ನೇ 50 ಲಕ್ಷ ಪೌಂಡಿನ ಕಂಪನಿಯಾಗಿ ಸಾರ್ವಜನಿಕರ ಮುಂದಿಟ್ಟರು. ಆ ದೊಡ್ಡ ಹಣ ಡನ್‌ಲಪ್ ಅವರ ಮನೆಗೆ ಬರಲಿಲ್ಲ. ಡಬ್ಲಿನ್‌ನಲ್ಲಿ ಬಟ್ಟೆ ಅಂಗಡಿಯೊಂದರಲ್ಲಿ ಪಾಲು ಇಟ್ಟುಕೊಂಡು ನೆಮ್ಮದಿಯಾಗಿ ಉಳಿದರು. ಉದ್ದ ಗಡ್ಡದ ಅವರ ಮುಖ ಮಾತ್ರ ಕಂಪನಿಯ ಗುರುತಾಗಿ ದೇಶ ದೇಶ ಸುತ್ತಿತು. 1921ರ ಅಕ್ಟೋಬರ್ 23ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ, ಡಬ್ಲಿನ್‌ನಲ್ಲಿ ತೀರಿಕೊಂಡರು. ಉತ್ತರ ಐರ್ಲೆಂಡಿನ ಬ್ಯಾಂಕೊಂದು ಮುಂದೆ ತನ್ನ ಹತ್ತು ಪೌಂಡಿನ ನೋಟಿನಲ್ಲಿ ಅವರ ಚಿತ್ರ ಹಾಕಿತು.

ಈ ಸಂಗತಿಯಲ್ಲಿ ತಪ್ಪಿತಸ್ಥರು ಯಾರು ಎಂದು ಹುಡುಕಿದರೆ ಯಾರೂ ಸಿಗುವುದಿಲ್ಲ. ಮೊದಲು ಕಂಡವನಿಗೆ ಕಾಲ ಕೂಡಿ ಬರಲಿಲ್ಲ. ಕಾಲ ಕೂಡಿ ಬಂದವನಿಗೆ ಹಕ್ಕು ಉಳಿಯಲಿಲ್ಲ. ಹಕ್ಕು ಪಡೆದವರಿಗೆ ಹಣ ಬಂತು, ಅವರ ಹೆಸರು ಉಳಿಯಲಿಲ್ಲ.

ಟಯರಿಗೆ ತೆತ್ತ ಬೆಲೆ

ಗಾಳಿ ಟಯರು ಬಂದ ಮೇಲೆ ಜಗತ್ತಿಗೆ ರಬ್ಬರಿನ ಹಸಿವು ಹತ್ತಿತು. ಆಗ ರಬ್ಬರು ಬರುತ್ತಿದ್ದದ್ದು ಕಾಡಿನಿಂದ. ಆಫ್ರಿಕದ ಕಾಂಗೋ ಬೆಲ್ಜಿಯಂ ದೊರೆ ಎರಡನೆಯ ಲಿಯೊಪೋಲ್ಡನ ಸ್ವಂತ ಆಸ್ತಿಯಂತೆ ಇತ್ತು. ಅಲ್ಲಿ ಹಳ್ಳಿಗರು ಇಂತಿಷ್ಟು ರಬ್ಬರು ತಂದೇ ಕೊಡಬೇಕು, ತಪ್ಪಿದರೆ ಹೊಡೆತ, ಸೆರೆ, ಕೊಲೆ. ಕೈ ಕಡಿದದ್ದೂ ಇದೆ. ರೋಜರ್ ಕೇಸ್‌ಮೆಂಟ್ ಎಂಬ ಐರಿಷ್ ಮನುಷ್ಯ ಬ್ರಿಟಿಷ್ ಅಧಿಕಾರಿಯಾಗಿ ಅಲ್ಲಿಗೆ ಹೋಗಿ ಕಂಡದ್ದನ್ನು ಬರೆದ ವರದಿ 1904ರಲ್ಲಿ ಪ್ರಕಟವಾಯಿತು. 1908ರಲ್ಲಿ ಲಿಯೊಪೋಲ್ಡ್ ಕಾಂಗೋವನ್ನು ಬಿಟ್ಟುಕೊಡಬೇಕಾಯಿತು. ಡನ್‌ಲಪ್ ಇದಕ್ಕೆ ಹೊಣೆಯಲ್ಲ. ಆದರೆ ಮಗನ ಸುಖಕ್ಕೆಂದು ಒಬ್ಬ ತಂದೆ ಮಾಡಿದ ವಸ್ತು ಎಲ್ಲೋ ಇನ್ನೊಬ್ಬ ತಂದೆಯ ಕಣ್ಣೀರಿಗೆ ಕಾರಣವಾಯಿತು ಎಂಬುದನ್ನು ಬಿಟ್ಟು ಈ ಚರಿತ್ರೆ ಹೇಳಿದರೆ ಅದು ಅರ್ಧ ಚರಿತ್ರೆ.

ಕಾಡು ರಬ್ಬರಿನ ಕಾಲ ಮುಗಿಸಿದ್ದು ತೋಟದ ರಬ್ಬರು. ಹೆನ್ರಿ ವಿಕ್‌ಹ್ಯಾಮ್ ಎಂಬವರು 1876ರಲ್ಲಿ ಬ್ರೆಜಿಲಿನಿಂದ ಸಾಗಿಸಿದ ಬೀಜಗಳು ಲಂಡನ್ನಿನ ಕ್ಯೂ ತೋಟದಲ್ಲಿ ಮೊಳೆತು, ಸಸಿಗಳು ಸಿಂಹಳಕ್ಕೆ ಬಂದವು. 1902ರಲ್ಲಿ ಪೆರಿಯಾರ್ ನದಿಯ ದಡದ ತಟ್ಟೇಕಾಡಿನಲ್ಲಿ ಕೇರಳದ ರಬ್ಬರ್ ತೋಟ ಶುರುವಾಯಿತು. ಅಲ್ಲಿಂದ ಬೆಳೆದು ಬೆಳೆದು ಅದು ನಮ್ಮ ಗುಡ್ಡಗಳಿಗೂ ಏರಿತು. ಬೆಳಗ್ಗೆ ತಲೆಗೆ ಲೈಟು ಕಟ್ಟಿ ಮರ ಕೆತ್ತುವವರು, ಗೆರಟೆಯಲ್ಲಿ ತುಂಬುವ ಬಿಳಿ ಹಾಲು, ಅಂಗಳದಲ್ಲಿ ಒಣಗುವ ಶೀಟು ನಮಗೆ ದಿನನಿತ್ಯದ ನೋಟ. ಆ ಹಾಲಿನ ಒಂದು ತೊಟ್ಟು ಯಾವುದೋ ಲಾರಿಯ ಟಯರಿನಲ್ಲಿ ಉರುಳುತ್ತಿರುತ್ತದೆ.

ಬಿಳಿ ಪಟ್ಟಿ ಬಂದದ್ದು ಹೇಗೆ

ರಬ್ಬರ್ ಹಾಲು ಬಿಳಿ. ಡನ್‌ಲಪ್ ಕಾಲದ ಟಯರೂ ಕಪ್ಪಲ್ಲ, ಬಿಳಿಯ ಛಾಯೆಯದ್ದು. ಗಟ್ಟಿಯಾಗಲೆಂದು ಅದಕ್ಕೆ ಸತುವಿನ ಪುಡಿ, ಅಂದರೆ ಜಿಂಕ್ ಆಕ್ಸೈಡ್ ಬೆರೆಸುತ್ತಿದ್ದರು, ಅದೂ ಬಿಳಿಯೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಮಸಿಯಂಥ ಕಾರ್ಬನ್ ಬ್ಲ್ಯಾಕ್ ಬೆರೆಸಿದರೆ ರಬ್ಬರು ಸವೆಯುವುದು ಬಹಳ ಕಡಿಮೆಯಾಗುತ್ತದೆ ಎಂಬುದು ತಿಳಿಯಿತು. ನೆಲ ಮುಟ್ಟುವ ಭಾಗಕ್ಕೆ ಮಾತ್ರ ಮಸಿ ಹಾಕಿದರೆ ಸಾಕಲ್ಲ ಎಂದು ಕೆಲವರು ಯೋಚಿಸಿದರು. ತುಳಿಯುವ ಭಾಗ ಕಪ್ಪಾಯಿತು, ಪಕ್ಕ ಬಿಳಿಯಾಗಿಯೇ ಉಳಿಯಿತು. ಬಿಳಿ ಪಟ್ಟಿ ಮೊದಲು ಅಲಂಕಾರಕ್ಕೆ ಬಂದದ್ದಲ್ಲ, ಉಳಿತಾಯದಿಂದ ಉಳಿದದ್ದು. ಕ್ರಮೇಣ ಅದೇ ಅಂದದ ಗುರುತಾಯಿತು. 1934ರಲ್ಲಿ ಅಮೆರಿಕದ ಫೋರ್ಡ್ ಕಂಪನಿ ಹೆಚ್ಚುವರಿ ಹಣಕ್ಕೆ ಬಿಳಿ ಪಟ್ಟಿಯ ಟಯರು ಕೊಡತೊಡಗಿತು. 1950ರ ದಶಕದಲ್ಲಿ ಪಟ್ಟಿ ಅಗಲವಾಗಿತ್ತು, 1962ರ ಹೊತ್ತಿಗೆ ಒಂದು ಇಂಚಿನ ಆಸುಪಾಸಿಗೆ ಇಳಿಯಿತು. ಹಾಗಾಗಿ ಪಟ್ಟಿಯ ಅಗಲ ನೋಡಿಯೇ ಕಾರಿನ ಕಾಲ ಹೇಳುವವರಿದ್ದಾರೆ.

ನಮ್ಮ ಹುಡುಗರ ಕಾರಿನ ವಿಚಾರ

ಇಷ್ಟು ತಿಳಿದ ಮೇಲೆ ಜಗಲಿಯ ಚರ್ಚೆಗೆ ಉತ್ತರ ಕೊಡುವುದು ಸುಲಭ. ವಿಚಾರಿಸಿ ತಿಳಿದದ್ದನ್ನು ಒಂದೊಂದಾಗಿ ಇಲ್ಲಿ ದಾಖಲಿಸುತ್ತೇನೆ.

ಒಂದು, ಚಕ್ರದ ಬಗೆ. ಮರದ ಅರೆಗಳ ಚಕ್ರ ಸುಮಾರು 1920ರ ದಶಕದವರೆಗಿನ ಕಾರುಗಳಿಗೆ ಸಲ್ಲುತ್ತದೆ. ತಂತಿಯ ಕಡ್ಡಿಗಳ ಚಕ್ರ ಅದರ ನಂತರದವುಗಳಿಗೆ ಮತ್ತು ಓಟದ ಕಾರುಗಳಿಗೆ. ಅಂಬಾಸಿಡರ್ ಬಂದದ್ದು 1950ರ ದಶಕದ ಕೊನೆಗೆ, ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ. ಅದಕ್ಕಿರುವುದು 15 ಇಂಚಿನ ಉಕ್ಕಿನ ತಟ್ಟೆ ಚಕ್ರ, ನಡುವೆ ಹೊಳೆಯುವ ಟೊಪ್ಪಿ. ಅದಕ್ಕೆ ತಂತಿ ಚಕ್ರ ಹಾಕುವುದೆಂದರೆ ಪಂಚೆ ಉಟ್ಟವನಿಗೆ ಟೈ ಕಟ್ಟಿದ ಹಾಗೆ. ಹಳೆಯ ತಟ್ಟೆಗಳನ್ನೇ ತುಕ್ಕು ತೆಗೆಸಿ, ಬಿರುಕಿದೆಯೇ ನೋಡಿ, ಕಾರಿನ ಬಣ್ಣವನ್ನೇ ಹೊಡೆಸುವುದು ಉತ್ತಮ.

ಎರಡು, ಅಳತೆ. ಹಳೆಯ ಅಂಬಾಸಿಡರಿನ ಅಳತೆ 5.90-15, ಪ್ರೀಮಿಯರ್ ಪದ್ಮಿನಿಯದ್ದು 5.20-14. ಮೊದಲನೆಯದು ಟಯರಿನ ಅಗಲ, ಎರಡನೆಯದು ರಿಮ್ಮಿನ ಅಡ್ಡಳತೆ, ಎರಡೂ ಇಂಚಿನಲ್ಲಿ. ಅಂದಕ್ಕೆಂದು ಅಗಲದ ಟಯರು ಹಾಕಿದರೆ ತಿರುವಿನಲ್ಲಿ ಮಡ್‌ಗಾರ್ಡಿಗೆ ಉಜ್ಜುತ್ತದೆ, ಸ್ಟಿಯರಿಂಗ್ ಭಾರವಾಗುತ್ತದೆ. ಎತ್ತರ ಬದಲಾದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ.

ಮೂರು, ಬಿಳಿ ಪಟ್ಟಿ. ಟಯರಿನ ಜೊತೆಗೇ ಬೆಂದ ಬಿಳಿ ರಬ್ಬರು ಇರುವುದು ಎಲ್ಲಕ್ಕಿಂತ ಒಳ್ಳೆಯದು, ಬೆಲೆಯೂ ಹೆಚ್ಚು. ರಿಮ್ಮು ಮತ್ತು ಟಯರಿನ ನಡುವೆ ಸಿಕ್ಕಿಸುವ ಬಿಳಿ ಬಳೆಗಳೂ ಉಂಟು. ಅವು ಹಳೆಯ ಬಗೆಯ ಗಟ್ಟಿ ಪಕ್ಕದ ಟಯರಿಗೆ ನಡೆಯುತ್ತವೆ. ಈಗಿನ ರೇಡಿಯಲ್ ಟಯರಿನ ಪಕ್ಕ ಓಡುವಾಗ ಹೆಚ್ಚು ಬಾಗುತ್ತದೆ, ಬಳೆ ಉಜ್ಜಿ ಉಜ್ಜಿ ಟಯರನ್ನೇ ಕೊರೆಯುತ್ತದೆ. ಬಣ್ಣ ಬಳಿಯುವುದು ಮೆರವಣಿಗೆಯ ಒಂದು ದಿನಕ್ಕೆ ಸರಿ, ನಮ್ಮ ಮಳೆಗಾಲಕ್ಕೆ ನಿಲ್ಲದು, ಬಿರುಕು ಬಿಡುತ್ತದೆ. ರೇಡಿಯಲ್ ಮತ್ತು ಹಳೆಯ ಬಗೆಯ ಟಯರುಗಳನ್ನು ಒಂದೇ ಕಾರಿನಲ್ಲಿ ಬೆರೆಸಬಾರದು.

ನಾಲ್ಕು, ಟಯರಿನ ವಯಸ್ಸು. ಓಡದೆ ಇಟ್ಟ ಟಯರು ಹೊಸದರಂತೆ ಕಂಡರೂ ರಬ್ಬರು ಒಣಗಿರುತ್ತದೆ. ಪಕ್ಕದಲ್ಲಿ ನಾಲ್ಕು ಅಂಕೆ ಒತ್ತಿರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಅದನ್ನು ನೋಡಿಯೇ ಕೊಳ್ಳಬೇಕು. ಕುಂಬಳೆ ರಸ್ತೆಯ ಇಳಿಜಾರಿನಲ್ಲಿ ಟಯರು ಒಡೆದರೆ ಬಿಳಿ ಪಟ್ಟಿ ಕಾಪಾಡುವುದಿಲ್ಲ.

ಐದು, ಕಾಗದಪತ್ರ. ಕಂಪನಿ ಕೊಟ್ಟ ರೂಪವನ್ನು ಮನಬಂದಂತೆ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ, ಆ ಪ್ರಕರಣ ಹೋದದ್ದು ಕೇರಳದಿಂದಲೇ. 2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ. ಆದರೆ ಅಂಥ ವಾಹನವನ್ನು ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ ಮುಂತಾದವಕ್ಕೆ ಮಾತ್ರ. ನಮ್ಮ ಹುಡುಗರು ಮೊದಲು ಆರ್.ಸಿ. ಪುಸ್ತಕದ ತಾರೀಕು ನೋಡಲಿ, ಆಮೇಲೆ ವರ್ಕ್‌ಶಾಪಿಗೆ ಹೋಗಲಿ. ತಾರೀಕಿನ ಮಹತ್ವ ಏನೆಂದು ಡನ್‌ಲಪ್ ಕಥೆಯಲ್ಲಿ ಕಂಡಾಯಿತಲ್ಲ.

ನಿಜವಾದ ಹಳೆಯ ಚಕ್ರಗಳನ್ನು ಕಣ್ಣಾರೆ ನೋಡಬೇಕೆಂದಿದ್ದರೆ ಧರ್ಮಸ್ಥಳದ ಕಾರು ಸಂಗ್ರಹ ನಮಗೆ ಅರ್ಧ ದಿನದ ದಾರಿ. ಮೈಸೂರಿನ ಕಡೆ ಹೋಗುವವರು ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯವನ್ನೂ ನೋಡಬಹುದು. ಮರದ ಅರೆಯಿಂದ ತಂತಿಗೆ, ತಂತಿಯಿಂದ ಉಕ್ಕಿಗೆ ಚಕ್ರ ಹೇಗೆ ಬದಲಾಯಿತು ಎಂಬುದನ್ನು ಅಲ್ಲಿ ಸಾಲಾಗಿ ನೋಡಿ ತಿಳಿಯಬಹುದು. ಸಂಘದಿಂದ ಒಂದು ದಿನದ ಧರ್ಮಸ್ಥಳ ಪ್ರವಾಸ ಇಟ್ಟುಕೊಳ್ಳೋಣ ಎಂಬ ಸಲಹೆ ಬಂದಿದೆ. ಬರಲು ಮನಸ್ಸಿರುವವರು ಮುಂದಿನ ಮಾಸಿಕ ಸಭೆಯಲ್ಲಿ ಹೆಸರು ಕೊಡಬೇಕಾಗಿ ವಿನಂತಿ. ಮನೆಯ ಮಕ್ಕಳನ್ನೂ ಕರೆತನ್ನಿ.

– ಕಾರ್ಯದರ್ಶಿ